ಗಡುವಿನ ಮುಂದೆ ಏನನ್ನು ಬಿಡುವುದು?

ಕಂಪನಿಗಳ ತರಬೇತಿಗಳಲ್ಲಿ ಸಿನಿಮಾದ ತುಣುಕು ತೋರಿಸಿ ಸಮಯ ನಿರ್ವಹಣೆ ಕಲಿಸುವ ರೂಢಿ ಇದೆ. ಒಳ್ಳೆಯ ರೂಢಿಯೇ. ಆದರೆ ಯಾವ ತುಣುಕನ್ನು ತೋರಿಸುತ್ತೇವೆ ಎಂಬುದರ ಮೇಲೆ ಪಾಠ ನಿಂತಿರುತ್ತದೆ. ಗಡಿಯಾರದಲ್ಲಿ ಒಂದೇ ಸೆಕೆಂಡು ಉಳಿದಿರುವಾಗ ಗೆಲ್ಲುವ ನಾಯಕ ನೋಡುಗರನ್ನು ಹುರಿದುಂಬಿಸುತ್ತಾನೆ, ಕೆಲಸ ಕಲಿಸುವುದಿಲ್ಲ. ಬೇಸರದ ಕಾಲವನ್ನು ಕತ್ತರಿಸಿ ಎಸೆಯುವ ಅನುಕೂಲ ಸಿನಿಮಾಕ್ಕಿದೆ. 2001ರ 'ಲಗಾನ್' ಚಿತ್ರದ ಹಳ್ಳಿಗರಿಗೆ ಕ್ರಿಕೆಟ್ ಕಲಿಯಲು ಮೂರು ತಿಂಗಳು ಸಿಗುತ್ತದೆ. ತೆರೆಯ ಮೇಲೆ ಅದು ಕೆಲವು ಹಾಡು, ಕೆಲವು ದೃಶ್ಯಗಳಲ್ಲಿ ಸರಿದುಹೋಗುತ್ತದೆ. ಪ್ರಾಜೆಕ್ಟ್ ನಡೆಸುವವರ ಕೈಯಲ್ಲಿ ಆ ಕತ್ತರಿ ಇಲ್ಲ. ಯಾರಾದರೂ ಲೆಕ್ಕ ಹಾಕಿ, 'ಇದನ್ನು ಬಿಟ್ಟುಬಿಡೋಣ' ಎಂದು ತೀರ್ಮಾನಿಸುವ ದೃಶ್ಯಗಳೇ ಅವರಿಗೆ ಬೇಕಾದವು.

ಅಂಥ ದೃಶ್ಯ 1995ರ 'ಅಪೊಲೊ 13' ಚಿತ್ರದಲ್ಲಿದೆ. 1970ರ ಏಪ್ರಿಲ್ 13ರಂದು, ಭೂಮಿಯಿಂದ ಸುಮಾರು 3.2 ಲಕ್ಷ ಕಿಲೋಮೀಟರ್ ದೂರದಲ್ಲಿ, ನೌಕೆಯ ಆಮ್ಲಜನಕದ ಟ್ಯಾಂಕು ಸ್ಫೋಟಿಸಿತು. ಮೂವರು ಗಗನಯಾತ್ರಿಗಳು ಚಂದ್ರನ ಮೇಲೆ ಇಳಿಯಲೆಂದು ಒಯ್ದಿದ್ದ ಪುಟ್ಟ ನೌಕೆಗೆ ದಾಟಿಕೊಂಡರು. ಅದು ಇಬ್ಬರಿಗಾಗಿ, ಸುಮಾರು 45 ಗಂಟೆಗಳ ಬಳಕೆಗಾಗಿ ಕಟ್ಟಿದ ನೌಕೆ. ಚಿತ್ರದಲ್ಲಿ ಹ್ಯೂಸ್ಟನ್‌ನ ನಾಸಾ ಎಂಜಿನಿಯರುಗಳೆಲ್ಲ ಒಟ್ಟಿಗೆ ಮಾತಾಡುತ್ತಿರುವಾಗ ಜಾನ್ ಆರನ್ ಎಂಬ ತರುಣ ತಡೆದು ಹೇಳುತ್ತಾನೆ: ವಿದ್ಯುತ್ ಇಲ್ಲದಿದ್ದರೆ ಉಳಿದ ಯಾವುದೂ ಇಲ್ಲ. ಈಗಿನಂತೆ 60 ಆಂಪಿಯರ್ ಎಳೆಯುತ್ತ ಹೋದರೆ ಬ್ಯಾಟರಿಗಳು 16 ಗಂಟೆಗೆ ಮುಗಿಯುತ್ತವೆ, 12ಕ್ಕೆ ಇಳಿಸಬೇಕು. ಹೀಟರ್ ಆರಿಸಬೇಕು, ದಿಕ್ಕು ತೋರಿಸುವ ಕಂಪ್ಯೂಟರನ್ನೂ ಆರಿಸಬೇಕು. ಮತ್ತೊಮ್ಮೆ ಎಂಜಿನ್ ಉರಿಸಬೇಕಾಗಿ ಬಂದರೆ ಯಾವ ಕಡೆಗೆ ಮುಖ ಮಾಡಿದ್ದೇವೆ ಎಂದು ತಿಳಿಯುವುದು ಹೇಗೆ ಎಂದು ಮತ್ತೊಬ್ಬ ಎಂಜಿನಿಯರ್ ಮುಖ್ಯಸ್ಥ ಜೀನ್ ಕ್ರಾಂಜ್ ಅವರೆದುರು ಆಕ್ಷೇಪಿಸುತ್ತಾನೆ. ಆಕ್ಷೇಪ ನ್ಯಾಯವಾದದ್ದು. ಆದರೂ ಕಂಪ್ಯೂಟರನ್ನು ಆರಿಸುತ್ತಾರೆ.

ಆರನ್ ಎರಡು ಕೆಲಸ ಮಾಡಿದ. ಎಲ್ಲಕ್ಕಿಂತ ಮೊದಲು ಮುಗಿದುಹೋಗುವುದು ಯಾವುದು ಎಂದು ಗುರುತಿಸಿದ. ಅದನ್ನು ಉಳಿಸಲು ನಿಜವಾಗಿ ಬೇಕಾದದ್ದನ್ನೇ ಬಿಟ್ಟುಕೊಟ್ಟ. ನಮ್ಮ ಕಚೇರಿಗಳಲ್ಲಿ ಮೊದಲು ಮುಗಿಯುವುದು ದಿನಗಳೆಂದೇ ಎಲ್ಲರೂ ನಂಬಿರುತ್ತಾರೆ. ಬಹಳ ಸಲ ಅದು ಬೇರೆಯೇ ಇರುತ್ತದೆ: ಡೇಟಾಬೇಸ್ ಬಲ್ಲ ಒಬ್ಬನೇ ಒಬ್ಬ ಹುಡುಗ, ನಾಲ್ಕು ತಂಡಗಳು ಕಾದು ಕೂತ ಒಂದು ಟೆಸ್ಟಿಂಗ್ ಸರ್ವರ್, ಕ್ಲೈಂಟ್‌ನಿಂದ ಬರಬೇಕಾದ ಉತ್ತರ. ಅದನ್ನು ಗುರುತಿಸದೆ ಉಳಿದವರನ್ನೆಲ್ಲ ರಾತ್ರಿ ಕೂರಿಸಿಕೊಂಡರೆ ಒಂದು ದಿನವೂ ಉಳಿಯುವುದಿಲ್ಲ. ಬಿಡುವುದೆಂದರೂ ಯಾರಿಗೂ ಬೇಡವಾದ ನಾಲ್ಕು ಐಟಂಗಳನ್ನು ಪಟ್ಟಿಯಿಂದ ಅಳಿಸುವುದು ಎಂದುಕೊಳ್ಳುತ್ತೇವೆ. ಆಕ್ಷೇಪಿಸಿದ ಆ ಎಂಜಿನಿಯರ್ ತಳಮಳಿಸಿದಂತೆ ಮ್ಯಾನೇಜರ್ ತಳಮಳಿಸದಿದ್ದರೆ ಅಲ್ಲಿ ಇನ್ನೂ ಏನನ್ನೂ ಬಿಟ್ಟಂತಾಗಿಲ್ಲ.

ಅದೇ ಚಿತ್ರದಲ್ಲಿ, ಈ ಯಾನಕ್ಕೆ ಹೋಗದೆ ಉಳಿದ ಗಗನಯಾತ್ರಿ ಕೆನ್ ಮ್ಯಾಟಿಂಗ್ಲಿ ಭೂಮಿಯ ಮೇಲಿನ ಸಿಮ್ಯುಲೇಟರಿನಲ್ಲಿ ಕೂತು, ತಣ್ಣಗಾದ ಮುಖ್ಯ ನೌಕೆಯ ಸ್ವಿಚ್‌ಗಳನ್ನು ಯಾವ ಕ್ರಮದಲ್ಲಿ ಹಾಕಬೇಕೆಂದು ಹುಡುಕುತ್ತಾನೆ. ವಿದ್ಯುತ್ತಿನ ಮಿತಿ ಮೀರಿದಾಗಲೆಲ್ಲ ಮತ್ತೆ ಮೊದಲಿನಿಂದ. ಟಾರ್ಚು ಕೇಳುತ್ತಾನೆ, ಕೈಗೆ ಬಂದದ್ದು ಮೇಲಿರುವವರ ಬಳಿ ಇರುವಂಥದ್ದಲ್ಲ ಎಂದು ತಿಳಿದೊಡನೆ ಹಿಂದಿರುಗಿಸುತ್ತಾನೆ. ಕೆಲಸದ ಅಂದಾಜು ಹಾಕುವವರೆಲ್ಲ ಈ ಟಾರ್ಚನ್ನು ನೆನಪಿಟ್ಟುಕೊಳ್ಳಬೇಕು. ಯಾರೂ ರಜೆ ಹಾಕದ, ನೆಟ್‌ವರ್ಕ್ ಹೋಗದ, ಹೊಸಬರು ಬಂದ ದಿನವೇ ಎಲ್ಲ ಬಲ್ಲವರಾಗಿರುವ ಕಚೇರಿಯನ್ನು ಕಲ್ಪಿಸಿಕೊಂಡು ಹಾಕಿದ ಅಂದಾಜು ನಮ್ಮಲ್ಲಿಲ್ಲದ ಟಾರ್ಚಿನ ಬೆಳಕಿನಲ್ಲಿ ಬರೆದದ್ದು.

ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುವ ಈ ಸ್ವಿಚ್‌ಗಳ ಕ್ರಮಪಟ್ಟಿಯನ್ನು ನಾಸಾದವರು ಮೂರೇ ದಿನದಲ್ಲಿ ಬರೆದರು. ಇದನ್ನು ಹೇಳಿ ತಂಡವನ್ನು ಓಡಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಚಂದ್ರನೌಕೆಯನ್ನು ಪ್ರಾಣ ಉಳಿಸುವ ದೋಣಿಯಂತೆ ಬಳಸುವುದು ಹೇಗೆಂದು ಅವರು ಮೊದಲೇ ಯೋಚಿಸಿದ್ದರು, ವರ್ಷಗಟ್ಟಲೆ ತಾಲೀಮು ಮಾಡಿದ್ದರು. ಆ ಮೂರು ದಿನಗಳ ಹಿಂದೆ ಆ ವರ್ಷಗಳಿವೆ. ತಾಲೀಮಿಗೆ ಬಿಡುವು ಕೊಡದ ಕಚೇರಿ ಅಂಥ ಮೂರು ದಿನಗಳನ್ನು ಕೇಳುವುದು ನ್ಯಾಯವಲ್ಲ.

ಬಿಡಬಾರದ್ದನ್ನು ಬಿಟ್ಟರೆ ಏನಾಗುತ್ತದೆ? 2015ರ 'ದಿ ಮಾರ್ಷಿಯನ್' ನೋಡಿ. ಮಂಗಳನಲ್ಲಿ ಸಿಕ್ಕಿಕೊಂಡವನಿಗೆ ಆಹಾರ ಕಳಿಸುವ ಆತುರದಲ್ಲಿ ಉಡಾವಣೆಗೆ ಮುಂಚಿನ ತಪಾಸಣೆಗಳನ್ನು ಕೈಬಿಡುತ್ತಾರೆ. ರಾಕೆಟ್ ಮೇಲೇರುತ್ತಲೇ ಛಿದ್ರವಾಗುತ್ತದೆ. ಟೆಸ್ಟಿಂಗ್ ದಿನಗಳನ್ನು ಕತ್ತರಿಸಿ ರಿಲೀಸ್ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಡೇವಿಡ್ ಲೀನ್ ಅವರ 1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್'. ಜಪಾನೀಯರ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್ ನಿಕಲ್ಸನ್ ಅದ್ಭುತವಾದ ಪ್ರಾಜೆಕ್ಟ್ ಮ್ಯಾನೇಜರ್. ಸೇತುವೆಗೆ ಆರಿಸಿದ ಜಾಗ ಸರಿಯಿಲ್ಲ ಎಂದು ಬದಲಿಸುತ್ತಾನೆ, ಕೆಲಸ ಹಂಚುತ್ತಾನೆ, ಶಿಸ್ತು ತರುತ್ತಾನೆ. ಗಡುವು ಹತ್ತಿರವಾದಾಗ ಆಸ್ಪತ್ರೆಗೆ ಹೋಗಿ ಕಾಯಿಲೆಯವರಲ್ಲಿ ಏಳಬಲ್ಲವರನ್ನು ಹಗುರ ಕೆಲಸಕ್ಕೆ ಕರೆತರುತ್ತಾನೆ. ಸೇತುವೆ ಹೇಳಿದ ದಿನಕ್ಕೆ ಮುಗಿಯುತ್ತದೆ, ಶತ್ರುವಿನ ರೈಲಿಗಾಗಿ! ಯಾರಿಗಾಗಿ, ಏಕೆ ಎಂಬ ಪ್ರಶ್ನೆಯನ್ನು ಗಡುವು ನುಂಗಿಹಾಕಿತ್ತು.

ಚಿತ್ರದ ಕಥೆ ಕಲ್ಪನೆ. ಅದರ ಹಿಂದಿನ ಬರ್ಮಾ ರೈಲುಮಾರ್ಗ ಕಲ್ಪನೆಯಲ್ಲ. 415 ಕಿಲೋಮೀಟರ್ ಉದ್ದದ ಆ ಹಳಿಯನ್ನು ಬೇಗ ಮುಗಿಸಲು 1943ರಲ್ಲಿ ಕೆಲಸವನ್ನು ಎಷ್ಟು ತೀವ್ರಗೊಳಿಸಿದರೆಂದರೆ ಕೈದಿಗಳು ಆ ಅವಧಿಯನ್ನೇ 'ಸ್ಪೀಡೊ' ಎಂದು ಕರೆದರು. 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಮಲಯಾದಿಂದ ಒಯ್ದ ತಮಿಳರೂ ಸೇರಿದಂತೆ ಏಷ್ಯಾದ ಕೂಲಿಗಳು ಅದರ ಹಲವು ಪಟ್ಟು. ನಮ್ಮ ಹವಾನಿಯಂತ್ರಿತ ಕಚೇರಿಯನ್ನು ಇದರ ಪಕ್ಕದಲ್ಲಿಡುವುದು ಆ ಸತ್ತವರಿಗೆ ಅಪಚಾರ. ಆದರೂ ಜ್ವರದಲ್ಲಿರುವವನಿಗೆ ಫೋನ್ ಮಾಡಿ 'ಒಂದು ಗಂಟೆ ಲಾಗಿನ್ ಆಗ್ತೀಯಾ?' ಎಂದು ಕೇಳುವ ಮುನ್ನ ಆ ಆಸ್ಪತ್ರೆಯ ದೃಶ್ಯ ನೆನಪಾದರೆ ಒಳ್ಳೆಯದು.

ತಾರೀಖು ನಮ್ಮ ಕೈಯಲ್ಲಿಲ್ಲ, ಕ್ಲೈಂಟ್ ಕೊಟ್ಟದ್ದು ಎಂದು ಮ್ಯಾನೇಜರುಗಳು ಹೇಳುತ್ತಾರೆ. ನಿಜ. ಆರನ್‌ಗೂ ತಾರೀಖು ಅವನ ಕೈಯಲ್ಲಿರಲಿಲ್ಲ. ವಿದ್ಯುತ್ತಿನ ಹೊರೆ ಮಾತ್ರ ಕೈಯಲ್ಲಿತ್ತು. ಜನರನ್ನು ಹೆಚ್ಚಿಸಿದರೆ ಸಾಕೆನ್ನುವವರಿಗೆ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಉತ್ತರಿಸಿದ್ದಾರೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ.

ಮುಂದಿನ ತರಬೇತಿಯಲ್ಲಿ ಆರನ್‌ನ ಆ ದೃಶ್ಯ ತೋರಿಸಿ. ಮುಗಿದ ಮೇಲೆ ಭಾಷಣ ಬೇಡ. ಈ ತಿಂಗಳು ನಾವು ಯಾವ ಸ್ವಿಚ್ ಆರಿಸೋಣ ಎಂದು ತಂಡದವರನ್ನೇ ಕೇಳಿ, ಅವರು ಹೇಳಿದ್ದನ್ನು ಅಂದೇ ಕ್ಲೈಂಟ್‌ಗೆ ಬರೆದು ತಿಳಿಸಿ.