ಬರ ತಾಳುವ ಕಡಲೆ ಗಡಿ ದಾಟೀತೆ?

ಚಿಕ್ಕೋಡಿ: ಹೊರಗಿನವರ ಕಣ್ಣಿಗೆ ಇದು ಕಬ್ಬಿನ ಸೀಮೆ. ದೂಧಗಂಗಾ, ವೇದಗಂಗಾ ನದಿಗಳ ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ತಂಬಾಕು, ಸೋಯಾ ಅವರೆಯ ಜತೆ ಕಬ್ಬು; ಕೃಷ್ಣೆಯ ದಂಡೆಗೆ ಹೊಂದಿಕೊಂಡ ರಾಯಬಾಗ, ಕಾಗವಾಡದಲ್ಲಿ ಕಬ್ಬೇ ಕಬ್ಬು. ಅಥಣಿ ದಾಟಿ ಪೂರ್ವಕ್ಕೆ ತೆಲಸಂಗದತ್ತ ಸಾಗಿದರೆ ಚಿತ್ರ ಬೇರೆ. ಅಲ್ಲಿ ಕಾಲುವೆ, ಕೊಳವೆಬಾವಿ ಇಲ್ಲದವರಿಗೆ ಹಿಂಗಾರಿನ ಬಿಳಿಜೋಳ ಮತ್ತು ಕಡಲೆಯೇ ಆಧಾರ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷಗಳಲ್ಲಿ ಮೊದಲು ಪೆಟ್ಟು ತಿನ್ನುವುದು ಇಂಥ ಹೊಲಗಳೇ.

ಎರೆ ಮಣ್ಣು ಮುಂಗಾರಿನಲ್ಲಿ ಹೀರಿಟ್ಟ ತೇವವನ್ನೇ ನಂಬಿ ಬೆಳೆಯುವ ಪೈರು ಕಡಲೆ. ಹೂವು, ಕಾಯಿ ಕಟ್ಟುವ ಹೊತ್ತಿಗೆ ಮೇಲ್ಮಣ್ಣಿನ ತೇವ ಆರುತ್ತದೆ. ಆಗ ಗಿಡ ಕೆಳಪದರದ ನೀರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಇದ್ದುದನ್ನು ಮಿತವಾಗಿ ಬಳಸಬೇಕು. ಎರಡೂ ಆಗದಿದ್ದರೆ ಕಾಯಿ ಜೊಳ್ಳಾಗುತ್ತದೆ.

ಈ ಗುಣದ ಬೆನ್ನುಹತ್ತಿದ ವಿಜ್ಞಾನಿಗಳಿಗೆ ದಾರಿ ತೋರಿದ್ದು ಐಸಿಸಿ 4958 ಎಂಬ ತಳಿ. ಇದರ ಬೇರು ಆಳಕ್ಕಿಳಿಯುತ್ತದೆ. ಹೈದರಾಬಾದ್ ಸಮೀಪದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು, ಬರ ತಾಳುವ ಹಲವು ಗುಣಗಳು ಕಡಲೆಯ ವಂಶವಾಹಿ ನಕಾಶೆಯ ಒಂದೇ ತುಣುಕಿನಲ್ಲಿ ಗುಂಪಾಗಿರುವುದನ್ನು ಗುರುತಿಸಿ 2014ರಲ್ಲಿ ಪ್ರಕಟಿಸಿದರು. ಕೆಲವು ಗುಣಗಳಲ್ಲಿ ಗಿಡದಿಂದ ಗಿಡಕ್ಕೆ ಕಾಣುವ ವ್ಯತ್ಯಾಸದ ಶೇ 58ರಷ್ಟಕ್ಕೆ ಈ ತುಣುಕೇ ಕಾರಣವೆಂದು ಅವರ ಲೆಕ್ಕ. ಕಡಲೆಯ ಪೂರ್ಣ ವಂಶವಾಹಿ ಕರಡು ಅದಕ್ಕೂ ಒಂದು ವರ್ಷ ಮೊದಲೇ ಸಿದ್ಧವಾಗಿತ್ತು.

ಮಾರ್ಕರ್ ಎನ್ನಲಾಗುವ ವಂಶವಾಹಿ ಗುರುತುಗಳ ಪ್ರಯೋಜನ ಇಲ್ಲಿಯೇ. ಬೇರು ಎಷ್ಟು ಆಳಕ್ಕೆ ಹೋಗಿದೆ ಎಂದು ಪ್ರತಿ ಗಿಡವನ್ನೂ ಅಗೆದು ನೋಡಬೇಕಿಲ್ಲ. ಬರಗಾಲ ಬರಲಿ ಎಂದು ಕಾಯಬೇಕಿಲ್ಲ. ಎಳೆಯ ಸಸಿಯ ಎಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಬೇಕಾದ ತುಣುಕು ಇದೆಯೇ ಇಲ್ಲವೇ ತಿಳಿಯುತ್ತದೆ. ಇದ್ದ ಸಸಿಯನ್ನು ರೈತ ಒಪ್ಪಿದ ತಳಿಯೊಂದಿಗೆ ಮತ್ತೆ ಮತ್ತೆ ಸಂಕರಿಸುತ್ತಾರೆ. ಬಿಟಿ ಹತ್ತಿಯಂತೆ ಬೇರೆ ಜೀವಿಯ ವಂಶವಾಹಿಯನ್ನು ಇಲ್ಲಿ ಸೇರಿಸುವುದಿಲ್ಲ. ಕುಲಾಂತರಿ ಬೆಳೆಯ ಅನುಮತಿಯ ಜಂಜಾಟವೂ ಇದಕ್ಕಿಲ್ಲ.

ಫಲವೂ ಕೈಸೇರಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಚಿಕ್‌ಪೀ 10216 ತಳಿ 2019ರಲ್ಲಿ ಬಂತು. ತೇವದ ಕೊರತೆಯಲ್ಲಿ ಇದು ತನ್ನ ಮೂಲ ತಳಿ ಪೂಸಾ 372ಕ್ಕಿಂತ ಶೇ 11.9ರಷ್ಟು ಹೆಚ್ಚು ಇಳುವರಿ ನೀಡಿತೆಂದು ಸಂಸ್ಥೆ ಹೇಳಿದೆ. 2023ರಲ್ಲಿ ಪೂಸಾ ಜೆಜಿ 16 ಪ್ರಕಟವಾಯಿತು.

ತೊಡಕು ಇರುವುದು ಶಿಫಾರಸಿನ ನಕಾಶೆಯಲ್ಲಿ. ಈ ಎರಡೂ ತಳಿಗಳನ್ನು ಹೊರತಂದದ್ದು ಮಧ್ಯ ವಲಯಕ್ಕೆ. ಮಹಾರಾಷ್ಟ್ರ ಆ ವಲಯದಲ್ಲಿದೆ. ಕರ್ನಾಟಕ ದಕ್ಷಿಣ ವಲಯದಲ್ಲಿದೆ. ಅಥಣಿಗೆ ತಾಗಿಕೊಂಡೇ ಇರುವ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಅದೇ ಎರೆ ಮಣ್ಣಿನ, ಅದೇ ಬರದ, ಕನ್ನಡವೂ ಕೇಳಿಬರುವ ಸೀಮೆ. ಮಳೆಗೆ ಗೊತ್ತಿಲ್ಲದ ಗಡಿ ಬೀಜಕ್ಕೆ ಮಾತ್ರ ಗೊತ್ತು! 1966ರ ಬೀಜ ಕಾಯ್ದೆಯು ತಳಿಗಳನ್ನು ಪ್ರದೇಶವಾರು ಅಧಿಸೂಚಿಸಲು ಅವಕಾಶ ನೀಡಿದೆ. ಸಬ್ಸಿಡಿ ಬೀಜದ ವಿತರಣೆಯೂ ಅದೇ ಹಾದಿ ಹಿಡಿಯುತ್ತದೆ.

ಕರ್ನಾಟಕಕ್ಕೆ ಏನೂ ಸಿಕ್ಕಿಲ್ಲವೆಂದಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯವು ಇಕ್ರಿಸ್ಯಾಟ್ ಜತೆಗೂಡಿ ಅಣ್ಣಿಗೇರಿ-1 ತಳಿಯನ್ನು ಇದೇ ವಿಧಾನದಲ್ಲಿ ಸುಧಾರಿಸಿ, 2019ರಲ್ಲಿ ಸೂಪರ್ ಅಣ್ಣಿಗೇರಿ-1 ನೀಡಿತು. ಆದರೆ ಅದಕ್ಕೆ ಸೇರಿಸಿದ್ದು ಸೊರಗು ರೋಗ ನಿರೋಧಕ ಗುಣ, ಬರ ತಾಳುವ ತುಣುಕಲ್ಲ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವ ಜೆಜಿ-11ಕ್ಕೂ ಐಸಿಸಿ 4958ರ ತುಣುಕನ್ನು ಇಕ್ರಿಸ್ಯಾಟ್ ಸೇರಿಸಿತ್ತು. ಆ ಪ್ರಯತ್ನದ ಸಂತತಿಯೊಂದು 2019ರಲ್ಲಿ ಗೆಲೆಟು ಎಂಬ ಹೆಸರಿನಲ್ಲಿ ರೈತರಿಗೆ ಬಿಡುಗಡೆಯಾದದ್ದು ದೂರದ ಇಥಿಯೋಪಿಯಾದಲ್ಲಿ.

ಹಾಗೆಂದು ಜತ್ತದಿಂದ ಚೀಲ ಹೊತ್ತು ತಂದು ಬಿತ್ತಿದರೆ ಸಾಕೆಂದು ಹೇಳಲಾಗದು. ಉದ್ದ ಬೇರಿನ ಗುಣ ಫಲಿಸಲು ಕೆಳಗೆ ತೇವ ಹಿಡಿದ ಆಳವಾದ ಮಣ್ಣಿರಬೇಕು. ಒಂದೆರಡು ಅಡಿಗೇ ಕಲ್ಲು ಹತ್ತುವ ಮಡ್ಡಿ ನೆಲದಲ್ಲಿ ಬೇರಿಗೆ ಇಳಿಯಲು ಜಾಗವೇ ಇರದು. ಮುಂಗಾರೇ ಕೈಕೊಟ್ಟು ಮಣ್ಣು ನೆನೆಯದ ವರ್ಷ ಯಾವ ತಳಿಯೂ ಉಳಿಸದು. ಆದ್ದರಿಂದ ಬೆಳಗಾವಿ ಜಿಲ್ಲೆಯ ಹೊಣೆ ಹೊತ್ತಿರುವ ಧಾರವಾಡ ಕೃಷಿ ವಿಶ್ವವಿದ್ಯಾಲಯವು ಇಂಥ ತಳಿಗಳನ್ನು ಅಥಣಿಯ ಪೂರ್ವ ಭಾಗದ ರೈತರ ಹೊಲದಲ್ಲೇ, ಎರಡು ಮೂರು ಹಿಂಗಾರು ಜೆಜಿ-11ರ ಪಕ್ಕದಲ್ಲಿ ಬಿತ್ತಿ ನೋಡುವುದು ಅಗತ್ಯ.

ಫಲಿತಾಂಶ ಚೆನ್ನಾಗಿದ್ದರೂ ಬೀಜೋತ್ಪಾದನೆಗೆ ಕಾಲ ಹಿಡಿಯುತ್ತದೆ. ಎಕರೆಗೆ ಬಿಳಿಜೋಳದ ಬೀಜ ಸುಮಾರು 3 ಕಿಲೊ ಸಾಕು. ಕಡಲೆಗೆ 20ರಿಂದ 25 ಕಿಲೊ ಬೇಕು. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆಯಾದ್ದರಿಂದ ರೈತ ಮನೆಯಲ್ಲೇ ಬೀಜ ಎತ್ತಿಡಬಹುದು. ವರ್ಷವರ್ಷವೂ ಹೊಸ ಬೀಜ ಮಾರಬಯಸುವ ಖಾಸಗಿ ಕಂಪನಿಗಳಿಗೆ ಇದರಲ್ಲಿ ಲಾಭ ಕಡಿಮೆ. ಹೀಗಾಗಿ ಭಾರವೆಲ್ಲ ವಿಶ್ವವಿದ್ಯಾಲಯ, ರಾಜ್ಯ ಬೀಜ ನಿಗಮ ಹಾಗೂ ಕೃಷಿ ಇಲಾಖೆಯ ಮೇಲಿದೆ. ತೆಲಸಂಗದ ರೈತ ಬಿತ್ತನೆಗೆ ಕೂರಿಗೆ ಹೂಡುವುದು ಅಕ್ಟೋಬರ್‌ನಲ್ಲಿ. ಯಾವ ತಳಿಯ ಬೀಜ ಎಷ್ಟು ಕ್ವಿಂಟಲ್ ಬೇಕೆಂಬ ಇಲಾಖೆಯ ಬೇಡಿಕೆ ಪಟ್ಟಿ ಅದಕ್ಕೆ ತಿಂಗಳುಗಳ ಮೊದಲೇ ಸಿದ್ಧವಾಗಿರುತ್ತದೆ.