ಸ್ಮಾರ್ಟ್ ಎಂಬ ಮಾತು

ಭಾಷಾಂತರದ ಅಭ್ಯಾಸಕ್ಕೆಂದು ಒಂದು ದಿನ ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ‘ಸ್ಮಾರ್ಟ್ ಸಿಟಿ’ ಎಂಬ ಮಾತನ್ನು ಕೊಟ್ಟು, ಅದಕ್ಕೊಂದು ಕನ್ನಡವನ್ನು ಹುಡುಕಿರೆಂದೆ. ಒಬ್ಬಳು ‘ಜಾಣ ನಗರ’ ಎಂದಳು. ಇನ್ನೊಬ್ಬ ‘ಚತುರ ನಗರ’ ಎಂದ. ‘ಅಚ್ಚುಕಟ್ಟಾದ ಊರು’ ಎಂದು ಮತ್ತೊಬ್ಬಳು ಸೂಚಿಸಿದಳು. ಹಿಂದಿನ ಬೆಂಚಿನವನೊಬ್ಬ ‘ಮಸ್ತ್ ಊರು’ ಎಂದು ಎಲ್ಲರನ್ನೂ ನಗಿಸಿದ. ಕೊನೆಗೆ, ದಿನವೂ ಹರಿಹರದಿಂದ ಬಂದುಹೋಗುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ದಾವಣಗೆರೆ ಸ್ಮಾರ್ಟ್ ಆದರೆ ನಮ್ಮ ಹರಿಹರ ಏನು? ಆ ಮಾತಿಗೆ ವಿರುದ್ಧಪದ ಯಾವುದು?” ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನಗುವಂಥದಲ್ಲವೆಂದು ತೋರಿತು.

ಕೇಂದ್ರ ಸರ್ಕಾರವು ಈ ಯೋಜನೆಯನ್ನು ಆರಂಭಿಸಿದ್ದು ೨೦೧೫ರ ಜೂನ್ ೨೫ರಂದು. ೨೦೧೬ರ ಜನವರಿಯಲ್ಲಿ ಮೊದಲ ೨೦ ನಗರಗಳ ಪಟ್ಟಿ ಹೊರಬಿದ್ದಾಗ ಅದರಲ್ಲಿ ಕರ್ನಾಟಕದಿಂದ ಇದ್ದವು ಎರಡೇ: ಬೆಳಗಾವಿ ಮತ್ತು ದಾವಣಗೆರೆ. ಬಳಿಕ ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರುಗಳೂ ಸೇರಿದವು. ಒಂದೊಂದು ನಗರಕ್ಕೆ ಐದು ವರ್ಷಗಳ ಕಾಲ ವರ್ಷಕ್ಕೆ ಸರಾಸರಿ ೧೦೦ ಕೋಟಿ ರೂಪಾಯಿ ಕೇಂದ್ರದಿಂದ, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳಿಂದ ಎಂದು ಗೊತ್ತುಪಡಿಸಲಾಗಿದ್ದಿತು. ಅವಧಿ ಹಲವು ಬಾರಿ ಮುಂದಕ್ಕೆ ಹೋಗಿ, ೨೦೨೫ರ ಮಾರ್ಚ್ ೩೧ಕ್ಕೆ ಯೋಜನೆ ಮುಗಿಯಿತು. ಸ್ವಾರಸ್ಯವೆಂದರೆ, ಸ್ಮಾರ್ಟ್ ಸಿಟಿಗೆ ಎಲ್ಲರೂ ಒಪ್ಪುವಂಥ ವ್ಯಾಖ್ಯೆ ಇಲ್ಲವೆಂದು ಯೋಜನೆಯ ಮಾರ್ಗಸೂಚಿಯೇ ಮೊದಲಿಗೆ ಒಪ್ಪಿಕೊಂಡಿದ್ದಿತು. ಯೋಜನೆ ಮುಗಿದಿದೆ, ಮಾತು ಉಳಿದಿದೆ. ಆದುದರಿಂದ ಈಗಲಾದರೂ ಅದರ ಅರ್ಥವನ್ನು ವಿಚಾರಿಸುವುದು ತಪ್ಪಾಗಲಾರದು.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ನೋವು ಎಂದು ಅರ್ಥ. ಚುಚ್ಚುವ, ಉರಿಯುವ ನೋವು. ಜರ್ಮನ್ ಭಾಷೆಯಲ್ಲಿ ಇದರ ಬಂಧುಪದವಾದ ‘ಷ್ಮೆರ್ಟ್ಸ್’ ಎಂಬುದಕ್ಕೆ ಇಂದಿಗೂ ಅದೇ ಅರ್ಥ. ಇಂಗ್ಲಿಷಿನಲ್ಲಿಯೂ ಈ ಪದ ಕ್ರಿಯಾಪದವಾಗಿ ಬಂದಾಗ ಹಳೆಯ ಅರ್ಥ ಮರೆಯಾಗಿಲ್ಲ: ಹೊಗೆ ತಗುಲಿ ಕಣ್ಣು ಉರಿಯುವುದಕ್ಕೂ ಅವಮಾನದಿಂದ ಮನಸ್ಸು ಬೇಯುವುದಕ್ಕೂ ಅದನ್ನೇ ಬಳಸುತ್ತಾರೆ. ಏಟಿನ ಬಿರುಸಿನಿಂದ ನಡೆಯ ಬಿರುಸಿಗೆ, ಅಲ್ಲಿಂದ ಬುದ್ಧಿಯ ಬಿರುಸಿಗೆ, ೧೮ನೆಯ ಶತಮಾನದ ಹೊತ್ತಿಗೆ ಉಡುಗೆಯ ಠೀವಿಗೆ ಅರ್ಥವು ಹರಿಯಿತು. ಯಂತ್ರಕ್ಕೆ ಈ ವಿಶೇಷಣ ಅಂಟಿಕೊಂಡದ್ದು ತೀರ ಈಚೆಗೆ. ೧೯೭೦ರ ದಶಕದ ಆರಂಭದಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಗುರಿಯತ್ತ ತಿರುಗಿ ಎರಗುವ ಬಾಂಬುಗಳನ್ನು ಹಾಗೆ ಕರೆದರು. ನೋವನ್ನು ಸೂಚಿಸುತ್ತಿದ್ದ ಮಾತು ನೋವನ್ನು ಉಂಟುಮಾಡುವ ಯಂತ್ರದ ಹೊಗಳಿಕೆಯಾಯಿತು! ಅನಂತರ ಫೋನು, ಕಾರ್ಡು, ಮೀಟರು, ಶಾಲೆಯ ಕೋಣೆ, ಕಡೆಗೆ ಊರು. ನಮ್ಮವರ ಬಾಯಲ್ಲಂತೂ ‘ಹುಡುಗ ಸ್ಮಾರ್ಟಾಗಿದ್ದಾನೆ’ ಎಂದರೆ ನೋಡಲು ಚೆನ್ನಾಗಿದ್ದಾನೆ ಎಂದೂ, ‘ಬಹಳ ಸ್ಮಾರ್ಟ್ ಆಗಬೇಡ’ ಎಂದರೆ ಅತಿಬುದ್ಧಿ ತೋರಬೇಡ ಎಂದೂ ಅರ್ಥ. ಒಂದೇ ಮಾತಿನಲ್ಲಿ ಮೆಚ್ಚುಗೆಯೂ ಉಂಟು, ಗದರಿಕೆಯೂ ಉಂಟು.

ಇನ್ನು ನನ್ನ ವಿದ್ಯಾರ್ಥಿಗಳು ಕೊಟ್ಟ ಪದಗಳನ್ನು ಪರಿಶೀಲಿಸೋಣ. ‘ಜಾಣ’ ಎಂಬುದು ಅರಿವಿಗೆ ಸಂಬಂಧಿಸಿದ ಪದ; ಅಡುಗೆಮನೆಯ ಅಜ್ಜಿಯವರೆಗೆ ಎಲ್ಲರಿಗೂ ಪ್ರಿಯವಾದದ್ದು. ಆದರೆ ಜಾಣಕುರುಡು, ಜಾಣಕಿವುಡು ಎಂಬ ಸಮಾಸಗಳೂ ಕನ್ನಡದಲ್ಲಿವೆ. ಮೂಲೆಮೂಲೆಗೆ ಕ್ಯಾಮೆರಾದ ಕಣ್ಣುಗಳನ್ನು ಇಟ್ಟುಕೊಂಡಿರುವ ನಗರವು ತುಂಬಿದ ಚರಂಡಿಯನ್ನು ಕಾಣದೆ ಹೋದರೆ ಅದನ್ನು ಏನೆಂದು ಕರೆಯಬೇಕೆಂದು ‘ಜಾಣ’ ಪದವೇ ನಮಗೆ ಹೇಳಿಕೊಡುತ್ತದೆ. ‘ಚತುರ’ನಲ್ಲಿ ಮಾತುಗಾರಿಕೆಯ ಛಾಯೆ ಹೆಚ್ಚು.

‘ಅಚ್ಚುಕಟ್ಟು’ ಎಂಬ ಪದದ ಬೆಲೆಯನ್ನು ನಮ್ಮ ಜಿಲ್ಲೆಯ ರೈತರು ಬಲ್ಲಷ್ಟು ನಿಘಂಟುಕಾರರೂ ಅರಿಯರೆಂದು ತೋರುತ್ತದೆ. ಭದ್ರಾ ಅಚ್ಚುಕಟ್ಟು ಎಂದರೆ ನಾಲೆಯ ನೀರು ಸಲ್ಲಬೇಕಾದ ಭೂಮಿ. ದಾವಣಗೆರೆ, ಹರಿಹರಗಳ ಕಡೆ ನಾಲೆಯ ಕೊನೆಯ ಭಾಗದ ಗದ್ದೆಗಳಿಗೆ ನೀರು ತಲುಪದೆಂಬ ಕೂಗು ಬಹಳ ಹಳೆಯದು. ಓರಣ ಎಂಬ ಅರ್ಥ ಒಂದು ಕಡೆ, ಕಡೆಯವನಿಗೂ ನೀರಿನ ಹಕ್ಕು ಎಂಬ ಅರ್ಥ ಇನ್ನೊಂದು ಕಡೆ. ಊರನ್ನು ಅಚ್ಚುಕಟ್ಟೆಂದು ಕರೆದ ಕೂಡಲೆ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ.

ತರಗತಿಯಲ್ಲಿ ಯಾರಿಗೂ ಹೊಳೆಯದೆ ಹೋದ ಪದ ‘ಚುರುಕು’. ಬಿಸಿಲು ಚುರುಕಾಯಿತು ಎನ್ನುತ್ತೇವೆ. ಹಸಿವಿನಿಂದ ಹೊಟ್ಟೆ ಚುರುಗುಟ್ಟಿತು ಎನ್ನುತ್ತೇವೆ. ತಪ್ಪಿದವನಿಗೆ ಚುರುಕು ಮುಟ್ಟಿಸುತ್ತೇವೆ. ಓದಿನಲ್ಲಿ ಹುಡುಗಿ ಚುರುಕು ಎಂದು ಹೆಮ್ಮೆಪಡುತ್ತೇವೆ. ಉರಿಯಿಂದ ಬುದ್ಧಿಗೆ ಇಂಗ್ಲಿಷ್ ಪದ ನಡೆದ ದಾರಿಯನ್ನೇ, ಅದರ ಪರಿಚಯವಿಲ್ಲದೆ, ಕನ್ನಡದ ಈ ಪದವೂ ನಡೆದಿದೆ. ನಮ್ಮ ಊರಿನಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಮಂಡಕ್ಕಿ ಭಟ್ಟಿಯ ಮುಂದೆ ನಿಂತು ದುಡಿಯುವವನ ಕೈ ಚುರುಕಾಗಿರುವುದು ಬೆಂಕಿಯ ಚುರುಕು ಅವನ ಮೈಗೆ ತಿಳಿದಿರುವುದರಿಂದಲೇ.

ಹೊರಗಿನ ಬಿರುದು ದಾವಣಗೆರೆಗೆ ಹೊಸದೇನೂ ಅಲ್ಲ. ಹತ್ತಿಗಿರಣಿಗಳು ಮೊರೆಯುತ್ತಿದ್ದ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದರು. ಗಿರಣಿಗಳ ಸದ್ದಡಗಿತು, ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಆ ಬಿರುದಿನಿಂದ ಒಲೆ ಹೊತ್ತಲಿಲ್ಲ. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿ ವರ್ಷಗಳಾದವು. ಎರವಲು ಹೆಸರಿನ ತೊಡಕು ಇದು: ನಮ್ಮ ಭಾಷೆಯಲ್ಲಿ ಅದಕ್ಕೆ ಅರ್ಥವಿಲ್ಲದಿದ್ದರೆ ಅದು ನಿಜವೊ ಸುಳ್ಳೊ ಎಂದು ಅಳೆಯುವ ಕೋಲೂ ಜನರ ಕೈಯಲ್ಲಿ ಇರುವುದಿಲ್ಲ. ‘ಈ ಊರು ಸ್ಮಾರ್ಟೆ?’ ಎಂದರೆ ಸಾಮಾನ್ಯನು ಸುಮ್ಮನಾಗುತ್ತಾನೆ. ‘ಈ ಊರು ಅಚ್ಚುಕಟ್ಟೆ? ಇಲ್ಲಿಯ ಆಡಳಿತ ಚುರುಕೆ?’ ಎಂದು ಕೇಳಿದರೆ ತರಕಾರಿ ಮಾರುವವಳೂ ಉತ್ತರ ಕೊಟ್ಟಾಳು. ಪರಭಾಷೆಯ ಪದಗಳೇ ಬೇಡವೆಂಬುದು ನನ್ನ ವಾದವಲ್ಲ. ಬಸ್ಸು, ರೈಲುಗಳನ್ನು ಕನ್ನಡ ಸುಖವಾಗಿ ಅರಗಿಸಿಕೊಂಡಿದೆ. ಆದರೆ ಬಸ್ಸು ಬಂದಿತೊ ಇಲ್ಲವೊ ಎಂಬುದು ಕಣ್ಣಿಗೆ ಕಾಣುತ್ತದೆ. ಗುಣವಾಚಕಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ಇನ್ನು ಆ ವಿದ್ಯಾರ್ಥಿನಿಗೆ ಉತ್ತರ ಹೇಳಬೇಕು. ಪೊಲಾಳ್ವ ದಂಡನಾಥನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಅವಳ ಊರಿನಲ್ಲಿದೆ. ದಾವಣಗೆರೆಯ ಕೊಳಾಯಿಗಳಿಗೆ ಬರುವ ತುಂಗಭದ್ರೆಯ ನೀರೂ ಅವಳ ಊರಿನ ಕಡೆಯಿಂದಲೇ ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹರಿಹರವು ವಿರುದ್ಧಪದವಾಗಲಾರದು. ಚುರುಕಿಗೆ ವಿರುದ್ಧವಾದುದು ಮರಗಟ್ಟುವುದು. ಚುಚ್ಚಿದರೂ ತಿಳಿಯದ ಸ್ಥಿತಿ. ಅದು ದೊಡ್ಡ ಊರಿಗೂ ಬರಬಹುದು, ಸಣ್ಣ ಊರಿಗೂ ಬರಬಹುದು. ದಾವಣಗೆರೆ ಎಂದರೆ ದಣಿವಾರಿಸಿದ ಕೆರೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಶಾಸನಜ್ಞರು ಈ ವ್ಯುತ್ಪತ್ತಿಯನ್ನು ಒಪ್ಪಲಿ, ಬಿಡಲಿ; ದಣಿದವರು ಯಾರೆಂದು ಅರಿತ ಊರು ಅದು ಎಂಬ ಭಾವ ಆ ಮಾತಿನಲ್ಲಿದೆ. ಮುಂದಿನ ವಾರ ತರಗತಿಯಲ್ಲಿ ಇಷ್ಟನ್ನು ಹೇಳಿ, ವಿರುದ್ಧಪದವನ್ನು ಕರಿಹಲಗೆಯ ಮೇಲೆ ಬರೆಯಬೇಕೆಂದಿದ್ದೇನೆ.