ಹುಲ್ಲುಹಾಸಿನ ರೋಗವೂ ನೆಲದ ಚಿಕಿತ್ಸೆಯೂ

ನಮ್ಮ ಹಿರಿಯರ ಮನೆಗಳ ಮುಂದೆ ಅಂಗಳವಿರುತ್ತಿತ್ತು, ಹುಲ್ಲುಹಾಸು ಇರುತ್ತಿರಲಿಲ್ಲ. ಗುಡಿಸಿ, ಸೆಗಣಿಯಿಂದ ಸಾರಿಸಿ, ರಂಗವಲ್ಲಿ ಇಡುತ್ತಿದ್ದ ಆ ಅಂಗಳದಲ್ಲಿ ಹುಲ್ಲಿನ ಕುಡಿಯೊಂದು ತಲೆಯೆತ್ತಿದರೆ ಅದು ಮನೆಯವರ ಅಲಕ್ಷ್ಯದ ಗುರುತಾಗಿತ್ತು. ಹುಲ್ಲನ್ನು ಬೇಕೆಂದೇ ಬೆಳೆಸಿ, ಮತ್ತೆ ಅದನ್ನು ಬೆಳೆಯಗೊಡದೆ ಕತ್ತರಿಸುವ ವಿಚಿತ್ರ ಹವ್ಯಾಸವು ನಮಗೆ ಆಂಗ್ಲರ ದಂಡುಪ್ರದೇಶಗಳ ಬಂಗಲೆಗಳಿಂದ ಬಂದುದು. ಇಂಗ್ಲೆಂಡಿನಲ್ಲಿ ಅದು ಸಹಜವಾದ ಹವ್ಯಾಸವೇ ಸರಿ. ಅಲ್ಲಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಅಷ್ಟಿಷ್ಟು ಮಳೆ ಬೀಳುತ್ತದೆ, ಬಿಸಿಲು ಮೃದು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರವನ್ನು ಕಂಡು, ಅದೇ ತತ್ತ್ವದ ಮೇಲೆ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದ ಮೇಲಂತೂ, ಕುಡುಗೋಲು ಹಿಡಿದ ಆಳುಗಳ ತಂಡವಿಲ್ಲದ ಸಾಮಾನ್ಯ ಗೃಹಸ್ಥನಿಗೂ ಹುಲ್ಲುಹಾಸು ಎಟಕುವಂತಾಯಿತು.

ಇಂದು ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಸ್ವಲ್ಪ ತೆರಪುಳ್ಳ ಮನೆಗಳ ಮುಂದೆಲ್ಲ ಹುಲ್ಲುಹಾಸು ಕಾಣಬರುತ್ತದೆ. ಆದರೆ ಅವುಗಳಲ್ಲಿ ಬಹುಪಾಲು ಎರಡನೆಯ ಬೇಸಗೆಯ ಹೊತ್ತಿಗೆ ರೋಗಿಯಂತೆ ತೋರುತ್ತವೆ: ಬಾಗಿಲಿನ ಬಳಿ ಬೋಳು ನೆಲ, ಮರದಡಿಯಲ್ಲಿ ಪಾಚಿ, ನಡುವೆ ಹಳದಿಯ ಮಚ್ಚೆಗಳು, ಎಲ್ಲೆಂದರಲ್ಲಿ ಕೊನ್ನಾರಿಗಡ್ಡೆ. ಆಗ ಮನೆಯಾತನು ಮೂರು ಚಿಕಿತ್ಸೆಗಳಿಗೆ ಕೈಹಾಕುತ್ತಾನೆ. ದಿನವೂ ನೀರು ಹಾಯಿಸುತ್ತಾನೆ, ಯೂರಿಯ ಎರಚುತ್ತಾನೆ, ಅದರಿಂದಲೂ ಫಲ ದೊರೆಯದಿದ್ದರೆ ಚದರಡಿಯ ಲೆಕ್ಕದಲ್ಲಿ ಹೊಸ ಹುಲ್ಲಿನ ಹಾಳೆಗಳನ್ನು ತರಿಸಿ ಹಾಸಿಸುತ್ತಾನೆ. ಈ ಮೂರೂ ಬಹುಮಟ್ಟಿಗೆ ತಪ್ಪು ಚಿಕಿತ್ಸೆಗಳೆಂಬುದೂ, ರೋಗವಿರುವುದು ಎಲೆಯಲ್ಲಲ್ಲ, ಕಾಲಡಿಯ ನೆಲದಲ್ಲಿ ಎಂಬುದೂ ನನ್ನ ಅಭಿಪ್ರಾಯ.

ಮೊದಲು ಹುಲ್ಲಿನ ಸ್ವಭಾವವನ್ನು ತಿಳಿಯಬೇಕು. ಹೆಚ್ಚಿನ ಗಿಡಗಳು ಕುಡಿಯಲ್ಲಿ ಬೆಳೆಯುತ್ತವೆ; ಕುಡಿಯನ್ನು ಚಿವುಟಿದರೆ ಆ ಕೊಂಬೆಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಹುಲ್ಲಿನ ಎಲೆಯಾದರೋ ಬುಡದಿಂದ ಬೆಳೆಯುತ್ತದೆ. ಬೆಳೆಯುವ ಅಂಗಾಂಶವು ನೆಲದ ಮಟ್ಟದಲ್ಲಿ ಸುರಕ್ಷಿತವಾಗಿರುವುದರಿಂದ ದನ ಮೇದರೂ ಯಂತ್ರ ಕೊಯ್ದರೂ ಎಲೆಯು ಕೆಳಗಿನಿಂದ ಮತ್ತೆ ಮೇಲಕ್ಕೆ ದೂಡಲ್ಪಡುತ್ತದೆ. ಮೇಯುವ ಪ್ರಾಣಿಗಳೊಡನೆ ಲಕ್ಷಾಂತರ ವರ್ಷಗಳ ಸಹವಾಸದಿಂದ ಹುಲ್ಲು ಪಡೆದ ವರವಿದು. ಹುಲ್ಲುಹಾಸು ಎಂಬ ಕಲೆ ಈ ಒಂದು ಗುಣದ ಮೇಲೆಯೇ ನಿಂತಿದೆ.

ಆದರೆ ಆ ವರಕ್ಕೂ ಮಿತಿಯುಂಟು. ಎಲೆಯೇ ಸಸ್ಯದ ಅಡುಗೆಮನೆ. ಅದನ್ನು ಕಳೆದುಕೊಂಡ ಹುಲ್ಲು ಹೊಸ ಎಲೆಗಾಗಿ ಕೂಡಿಟ್ಟ ಪಿಷ್ಟವನ್ನು ವ್ಯಯಮಾಡುತ್ತದೆ, ಬೇರಿನ ಪಾಲನ್ನು ತಡೆಹಿಡಿಯುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬ ಶಾಸ್ತ್ರಜ್ಞರು 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಎಲೆಯ ಅರ್ಧದಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಒಮ್ಮೆಗೇ ಕತ್ತರಿಸಿದಾಗ ಬೇರಿನ ಬೆಳವಣಿಗೆ ಹಲವು ದಿನಗಳವರೆಗೆ ನಿಂತೇಹೋಗುತ್ತಿತ್ತು. ಒಮ್ಮೆಗೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬ ತೋಟಗಾರರ ನಿಯಮಕ್ಕೆ ಆಧಾರ ಇದೇ. ನಮ್ಮಲ್ಲಿ ನಡೆಯುವುದೇನು? ತಿಂಗಳಿಗೊಮ್ಮೆ ಬರುವ ಮಾಲಿಯು ಗೇಣೆತ್ತರ ಬೆಳೆದ ಹುಲ್ಲನ್ನು, ಮುಂದಿನ ತಿಂಗಳವರೆಗೆ ಚಿಂತೆಯಿರಬಾರದೆಂದು, ಚರ್ಮಕ್ಕೆ ತಾಗುವಂತೆ ಬೋಳಿಸಿ ಹೋಗುತ್ತಾನೆ. ತಪ್ಪು ಮಾಲಿಯದಲ್ಲ, ತಿಂಗಳಿಗೊಮ್ಮೆ ಕರೆಯುವವರದು. ಮೂರು ನಾಲ್ಕು ಸೆಂಟಿಮೀಟರ್ ಎತ್ತರ ಉಳಿಯುವಂತೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಿದರೆ ಬೇರು ಆಳಕ್ಕಿಳಿಯುತ್ತದೆ. ಕತ್ತರಿಸಿದ ತುಣುಕುಗಳನ್ನು ಗುಡಿಸಿ ಹೊರಗೆ ಚೆಲ್ಲುವ ಪದ್ಧತಿಯೂ ಸಾಧುವಲ್ಲ. ಅವುಗಳ ಒಣತೂಕದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಸಾರಜನಕವಿರುತ್ತದೆ. ಬಿದ್ದಲ್ಲಿಯೇ ಬಿಟ್ಟರೆ ಅದು ನೆಲಕ್ಕೆ ಮರಳುತ್ತದೆ.

ಇನ್ನು ಯಾವ ಹುಲ್ಲು? ನರ್ಸರಿಗಳಲ್ಲಿ ‘ಮೆಕ್ಸಿಕನ್’, ‘ಕೊರಿಯನ್’ ಎಂಬ ಹೆಸರುಗಳಿಂದ ಮಾರುವ ಮೆತ್ತನೆಯ ಹುಲ್ಲುಗಳು ಸಾಮಾನ್ಯವಾಗಿ ಜೋಯ್ಸಿಯಾ ಎಂಬ ಪೂರ್ವ ಏಷ್ಯದ ಕುಲಕ್ಕೆ ಸೇರಿದವು. ಮೆಕ್ಸಿಕೊ ಹೆಸರಿನಲ್ಲಿ ಮಾತ್ರ. ನೋಡಲು ಸುಂದರವಾದರೂ ಇವು ಬಲು ನಿಧಾನವಾಗಿ ಬೆಳೆಯುವುದರಿಂದ ಒಮ್ಮೆ ಬೋಳಾದ ಸ್ಥಳ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ನಮ್ಮ ಬಯಲು ಸೀಮೆಯ ಮನೆಗೆ ಗರಿಕೆಯಂಥ ಹುಲ್ಲು ಬೇರೊಂದಿಲ್ಲ. ಗಣಪತಿಗೆ ಏರಿಸುವ ಈ ಗರಿಕೆಯನ್ನು ಸಸ್ಯಶಾಸ್ತ್ರಜ್ಞರು ಸೈನೊಡಾನ್ ಡ್ಯಾಕ್ಟಿಲಾನ್ ಎನ್ನುತ್ತಾರೆ. ಅಮೆರಿಕನ್ನರು ಬರ್ಮುಡಾ ಹುಲ್ಲೆಂದು ಕರೆದು ತಮ್ಮ ಬಿಸಿನಾಡಿನ ಆಟದ ಮೈದಾನಗಳಲ್ಲೆಲ್ಲ ಬೆಳೆಸುವುದೂ ಇದನ್ನೇ. ರಾಗಿಯ ಹೊಲದಿಂದ ಇದನ್ನು ಬೇರುಸಹಿತ ಕೀಳಲು ರೈತನು ಬೆವರು ಸುರಿಸುತ್ತಾನೆ. ಪಟ್ಟಣದವನು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ!

ರೈತನನ್ನು ಕಾಡುವ ಗುಣವೇ ಇಲ್ಲಿ ನಮಗೆ ಉಪಕಾರಕ. ಗರಿಕೆಗೆ ನೆಲದ ಮೇಲೆ ಹಬ್ಬುವ ಕಾಂಡವೂ ನೆಲದೊಳಗೆ ಹರಿಯುವ ಕಾಂಡವೂ ಉಂಟು. ಪ್ರತಿಯೊಂದು ಗಿಣ್ಣಿನಲ್ಲಿಯೂ ಹೊಸ ಬೇರು, ಹೊಸ ಚಿಗುರು ಹೊರಡಬಲ್ಲವು. ಅಲ್ಲದೆ ದ್ಯುತಿಸಂಶ್ಲೇಷಣೆಯಲ್ಲಿ ಗರಿಕೆಯ ಮಾರ್ಗವೇ ಬೇರೆ. 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯದಲ್ಲಿ ಕಬ್ಬಿನ ಎಲೆಯನ್ನು ಪರೀಕ್ಷಿಸಿ ಒಂದು ವಿಶೇಷ ಮಾರ್ಗವನ್ನು ವಿವರಿಸಿದರು. ಅದರಲ್ಲಿ ಇಂಗಾಲದ ಡೈಆಕ್ಸೈಡು ಮೊದಲು ನಾಲ್ಕು ಇಂಗಾಲ ಪರಮಾಣುಗಳ ಆಮ್ಲವಾಗಿ ಬಂಧಿತವಾಗಿ, ಆಮೇಲೆ ಒಳಗಿನ ಜೀವಕೋಶಗಳಿಗೆ ಸಾಗುತ್ತದೆ. ಹೀಗೆ ಅನಿಲವನ್ನು ಒಟ್ಟುಗೂಡಿಸಿ ಒಳಗೆ ಕಳುಹಿಸುವ ಸಸ್ಯವು ತನ್ನ ಪತ್ರರಂಧ್ರಗಳನ್ನು ಬಹಳವಾಗಿ ತೆರೆಯಬೇಕಾಗಿಲ್ಲ; ನೀರು ಉಳಿಯುತ್ತದೆ. ಕಬ್ಬು, ರಾಗಿ, ಜೋಳ, ಗರಿಕೆ ಇವೆಲ್ಲ ಈ ಮಾರ್ಗದವು. ಇಂಗ್ಲೆಂಡಿನ ಹುಲ್ಲುಹಾಸುಗಳ ಹುಲ್ಲುಗಳು ಗೋಧಿ, ಬತ್ತಗಳಂತೆ ಇನ್ನೊಂದು ಮಾರ್ಗದವು. ಅಷ್ಟೇ ತೂಕ ಬೆಳೆಯಲು ಅವಕ್ಕೆ ಹೆಚ್ಚುಕಡಿಮೆ ಇಮ್ಮಡಿ ನೀರು ಬೇಕು. ಗರಿಕೆಗೆ ಇರುವ ದೊಡ್ಡ ದೌರ್ಬಲ್ಯ ನೆರಳು. ದಿನದ ಬಹುಭಾಗ ನೇರವಾದ ಬಿಸಿಲು ಬೀಳದ ಕಡೆ ಅದು ನಿಲ್ಲದು. ಆದಕಾರಣ ಮಾವಿನ ಮರದಡಿಯಲ್ಲಿ ಹುಲ್ಲು ಬೆಳೆಸುವ ಹಟವನ್ನು ಬಿಟ್ಟು, ಉದುರಿದ ಎಲೆಗಳನ್ನು ಅಲ್ಲಿಯೇ ಕೊಳೆಯಗೊಡುವುದು ಬುದ್ಧಿವಂತಿಕೆ.

ಈಗ ನೆಲದ ಮಾತು. ಹೊಸ ಮನೆಯ ಮುಂದಿನ ನೆಲವೆಂದರೆ ಬಹುಮಟ್ಟಿಗೆ ಲಾರಿಗಳ ಚಕ್ರದಡಿ ಸಿಕ್ಕಿ ಗಟ್ಟಿಯಾದ, ಸಿಮೆಂಟು, ಇಟ್ಟಿಗೆಚೂರು ಬೆರೆತ ನೆಲ. ಅದರ ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿ ಹುಲ್ಲಿನ ಹಾಳೆ ಹಾಸಿದರೆ ಬೇರು ಆ ನಾಲ್ಕು ಬೆರಳಿನಲ್ಲಿಯೇ ಸುತ್ತಾಡುತ್ತದೆ. ಸುಸ್ಥಿತಿಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಬರಿಯ ಸಂದುಗಳಿರುತ್ತವೆ. ಅವುಗಳಲ್ಲಿ ನೀರೂ ಗಾಳಿಯೂ ಇರುತ್ತವೆ. ಬೇರೂ ಉಸಿರಾಡುವ ಜೀವವೇ. ಸಂದುಗಳು ಮುಚ್ಚಿದ ನೆಲದಲ್ಲಿ ಅದಕ್ಕೆ ಆಮ್ಲಜನಕ ದೊರೆಯದು. ಅಂಥ ಕಡೆ ದಿನವೂ ನೀರು ಹಾಯಿಸುವುದೆಂದರೆ ಉಳಿದಿದ್ದ ಅಲ್ಪ ಗಾಳಿಯನ್ನೂ ಹೊರಗಟ್ಟಿದಂತೆ. ಹುಲ್ಲು ಬಾಯಾರಿ ಹಳದಿಯಾಯಿತೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಉಸಿರು ಕಟ್ಟಿರುತ್ತದೆ.

ಉದ್ದನೆಯ ಸ್ಕ್ರೂಡ್ರೈವರನ್ನು ತೇವದ ನೆಲಕ್ಕೆ ಕೈಯಿಂದ ಒತ್ತಿನೋಡಿದರೆ ಸಂಗತಿ ತಿಳಿಯುತ್ತದೆ. ಒಂದು ಗೇಣು ಸಲೀಸಾಗಿ ಇಳಿದರೆ ನೆಲ ಚೆನ್ನಾಗಿದೆ. ಎರಡು ಬೆರಳಿಗೇ ತಡೆದರೆ ರೋಗದ ಮೂಲ ಸಿಕ್ಕಿತೆಂದೇ ಅರ್ಥ. ಬೋಳಾದ ಸ್ಥಳವನ್ನು ಗುದ್ದಲಿಯಿಂದ ಒಂದು ಗೇಣು ಆಳಕ್ಕೆ ಅಗೆದು, ಕಲ್ಲು ಗಾರೆಗಳನ್ನು ಆಯ್ದು ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನಾಗಲಿ ಎರೆಗೊಬ್ಬರವನ್ನಾಗಲಿ ಬೆರೆಸಬೇಕು. ಕೊನ್ನಾರಿಯ ಗಡ್ಡೆಗಳನ್ನು ಆಗಲೇ ಹುಡುಕಿ ತೆಗೆಯಬೇಕು. ಮೇಲಿನ ಎಲೆಯನ್ನು ಕಿತ್ತರೆ ಏನೂ ಸಾಗದು. ಹುಲ್ಲು ಕಂಬಳಿಯಂತೆ ಸುಲಭವಾಗಿ ಮೇಲೆದ್ದು ಬಂದರೆ ಬೇರು ತಿನ್ನುವ ಗೊಣ್ಣೆಹುಳುಗಳಿವೆಯೇ ಎಂದು ನೋಡಬೇಕು. ಅಗೆದ ಮಣ್ಣನ್ನು ಗೊರವಂಕಗಳಿಗೂ ಬೆಳ್ಳಕ್ಕಿಗಳಿಗೂ ಒಂದೆರಡು ದಿನ ಬಿಟ್ಟುಕೊಟ್ಟರೆ ಹುಳುಗಳಲ್ಲಿ ಬಹಳಷ್ಟನ್ನು ಅವೇ ಹೆಕ್ಕುತ್ತವೆ. ಆಮೇಲೆ ಅದೇ ಹುಲ್ಲುಹಾಸಿನ ದಟ್ಟವಾದ ಭಾಗದಿಂದ ಗರಿಕೆಯ ಬಳ್ಳಿಗಳನ್ನು ಕಿತ್ತು, ಮೂರು ನಾಲ್ಕು ಗಿಣ್ಣುಗಳಿರುವ ತುಂಡುಗಳಾಗಿ ಮಾಡಿ, ನಾಲ್ಕೈದು ಬೆರಳಿನ ಅಂತರದಲ್ಲಿ, ತುದಿಯಷ್ಟೇ ಹೊರಗಿರುವಂತೆ ನೆಟ್ಟು ಮಣ್ಣನ್ನು ಕಾಲಿನಿಂದ ಮೆಲ್ಲಗೆ ಒತ್ತಬೇಕು. ಜೂನಿನ ಮಳೆಯ ಹೊತ್ತಿಗೆ ಈ ಕೆಲಸ ಮುಗಿದರೆ ಖರ್ಚೇ ಇಲ್ಲ. ಆರೆಂಟು ವಾರಗಳಲ್ಲಿ ಸ್ಥಳ ಮುಚ್ಚಿಕೊಳ್ಳುತ್ತದೆ. ಜನರು ದಿನವೂ ತುಳಿದು ಗಟ್ಟಿಮಾಡುವ ದಾರಿಯಲ್ಲಿ ಮಾತ್ರ ಎಷ್ಟು ಸಲ ನೆಟ್ಟರೂ ವ್ಯರ್ಥ. ಅಲ್ಲಿ ನಾಲ್ಕು ಚಪ್ಪಡಿ ಹಾಕಿಸುವುದೇ ದಾರಿ.

ನೆಲವನ್ನು ಸಡಿಲವಾಗಿ ಇರಿಸುವ ನಿತ್ಯದ ಕೆಲಸಕ್ಕೆ ಕೂಲಿಯಿಲ್ಲದ ಆಳೊಂದುಂಟು. ಚಾರ್ಲ್ಸ್ ಡಾರ್ವಿನ್ನರು 1881ರಲ್ಲಿ ಪ್ರಕಟಿಸಿದ ಎರೆಹುಳುಗಳ ಗ್ರಂಥದಲ್ಲಿ, ಇಂಗ್ಲೆಂಡಿನ ಅನೇಕ ಕಡೆ ಎಕರೆಯೊಂದಕ್ಕೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಈ ಜೀವಿಗಳ ದೇಹದ ಮೂಲಕ ಹಾದು ಮೇಲೆ ಬರುತ್ತದೆಂದು ಗಣಿಸಿದರು. ಈ ಆಳನ್ನು ಓಡಿಸುವ ಉಪಾಯವೂ ನಮಗೆ ಗೊತ್ತಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1856ರಿಂದ ಇಂದಿನವರೆಗೆ ಒಂದು ಹುಲ್ಲುಗಾವಲನ್ನು ಪಟ್ಟಿಗಳಾಗಿ ವಿಂಗಡಿಸಿ ಬೇರೆ ಬೇರೆ ಗೊಬ್ಬರ ಕೊಟ್ಟು ನೋಡುತ್ತಿದ್ದಾರೆ. ಸುಣ್ಣವಿಲ್ಲದೆ ವರ್ಷವರ್ಷವೂ ಅಮೋನಿಯಮ್ ಸಲ್ಫೇಟನ್ನೇ ಕೊಟ್ಟ ಪಟ್ಟಿಗಳಲ್ಲಿ ಮಣ್ಣು ತೀವ್ರವಾಗಿ ಆಮ್ಲೀಯವಾಗಿ, ಸಸ್ಯಜಾತಿಗಳು ಬೆರಳೆಣಿಕೆಗೆ ಇಳಿದು, ಸತ್ತ ಹುಲ್ಲು ಕೊಳೆಯದೆ ದಪ್ಪ ಚಾಪೆಯಂತೆ ನೆಲವನ್ನು ಮುಚ್ಚಿತು. ಯೂರಿಯವು ಅಷ್ಟು ಉಗ್ರವಲ್ಲ. ಆದರೂ ನೂರಕ್ಕೆ 46 ಪಾಲು ಸಾರಜನಕವಿರುವ ಆ ಹರಳನ್ನು ಒಣ ನೆಲಕ್ಕೆ ಹಿಡಿ ಹಿಡಿಯಾಗಿ ಎರಚುವ ನಮ್ಮ ರೂಢಿಯಿಂದ, ಪರಾಸರಣದ ನಿಯಮದಂತೆ ಬೇರಿನ ನೀರೇ ಹೊರಕ್ಕೆ ಸೆಳೆಯಲ್ಪಟ್ಟು ಹುಲ್ಲು ಸುಡುತ್ತದೆ. ಮಳೆಗಾಲದ ಆದಿಯಲ್ಲೊಮ್ಮೆ, ಕೊನೆಯಲ್ಲೊಮ್ಮೆ ಜರಡಿಹಿಡಿದ ಕಾಂಪೋಸ್ಟನ್ನು ತೆಳ್ಳಗೆ ಹರಡಿದರೆ ಮನೆಯ ಗರಿಕೆಗೆ ಸಾಕು.

ನೀರಿನ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ನೂರು ಚದರ ಮೀಟರಿನ ಹುಲ್ಲುಹಾಸಿಗೆ ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಹಾಯಿಸಿದರೆ 500 ಲೀಟರ್ ಆಯಿತು. ನಗರದ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಎಂಬ ಪ್ರಮಾಣವನ್ನು ನಮ್ಮ ದೇಶದಲ್ಲಿ ಅಂಗೀಕರಿಸಿರುವುದರಿಂದ, ಹೆಚ್ಚುಕಡಿಮೆ ನಾಲ್ವರ ನೀರು ಅದು. ಬೆಂಗಳೂರಿಗೆ ಬರುವ ಕಾವೇರಿಯ ನೀರಾದರೋ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಲೆಕ್ಕ ಹಾಕಲಿ: ಘರ್ಷಣೆಯನ್ನೂ ಪಂಪಿನ ನಷ್ಟವನ್ನೂ ಬಿಟ್ಟರೂ 500 ಲೀಟರನ್ನು ಅಷ್ಟು ಎತ್ತಲು ಸುಮಾರು 0.7 ಯೂನಿಟ್ ವಿದ್ಯುತ್ತು ಬೇಕು. 2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ ನಗರವು ಕಂಗಾಲಾದಾಗ, ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಜಲಮಂಡಳಿಯು ಆಜ್ಞೆ ಹೊರಡಿಸಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ವಿಧಿಸಿತು.

ಹಾಗಾದರೆ ಹುಲ್ಲುಹಾಸೇ ಬೇಡವೆನ್ನುವ ಸ್ನೇಹಿತರಿದ್ದಾರೆ. ಅವರ ವಾದದಲ್ಲಿ ತಥ್ಯವಿದ್ದರೂ ನಾನು ಅಷ್ಟು ದೂರ ಹೋಗಲಾರೆ. ಹುಲ್ಲನ್ನು ಕಿತ್ತು ಕಾಂಕ್ರೀಟು ಹಾಸಿದರೆ ಮಳೆಯ ನೀರು ಇಂಗದೆ ರಸ್ತೆಗೆ ಹರಿಯುತ್ತದೆ. ಮನೆಯ ಮುಂದೆ ಬಿಸಿಲು ಇನ್ನಷ್ಟು ಕಾಯುತ್ತದೆ. ಬೇಡವಾದುದು ಹುಲ್ಲಲ್ಲ, ಏಪ್ರಿಲ್ ತಿಂಗಳಿನಲ್ಲಿಯೂ ಅದು ಹಸುರಾಗಿಯೇ ಇರಬೇಕೆಂಬ ಪರದೇಶದ ಆಗ್ರಹ. ನೀರಿಲ್ಲದಾಗ ಗರಿಕೆಯ ಎಲೆ ಒಣಗಿ ಕಂದಾಗುತ್ತದೆ. ನೆಲದೊಳಗಿನ ಕಾಂಡಗಳು ಸುಪ್ತಾವಸ್ಥೆಯಲ್ಲಿ ಜೀವ ಹಿಡಿದಿರುತ್ತವೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಕೆರೆಯ ಏರಿಯ ಗರಿಕೆ ಹೇಗೆ ಹಸುರೇರುತ್ತದೆಂಬುದನ್ನು ನೋಡದ ಹಳ್ಳಿಯ ಹುಡುಗನಿಲ್ಲ. ಮಳೆಯಿಲ್ಲದ ಕಾಲದಲ್ಲಿ ಮೂರು ವಾರಕ್ಕೊಮ್ಮೆ 12 ಮಿಲಿಮೀಟರಿನಷ್ಟು ನೀರನ್ನು ಸಾವಕಾಶವಾಗಿ ಹಾಯಿಸಿದರೆ ಆ ಕಾಂಡಗಳು ಉಳಿಯುತ್ತವೆ. ನೂರು ಚದರ ಮೀಟರಿಗೆ ಅದು 1200 ಲೀಟರ್. ದಿನವೂ ಹಾಯಿಸುವವನು ಅಷ್ಟೇ ಅವಧಿಯಲ್ಲಿ 10,500 ಲೀಟರ್ ಸುರಿದಿರುತ್ತಾನೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಚರಂಡಿಗೆ ಚೆಲ್ಲದ ಮನೆಗೆ ಈ 1200ರಲ್ಲಿಯೂ ಒಂದು ಪಾಲು ಉಳಿದೀತು.

ತಮ್ಮ ಮನೆಯಲ್ಲಿ ಈ ಮಾತನ್ನು ಎತ್ತಬಯಸುವ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ಎರಡೂ ಕಡೆ ಮುಚ್ಚಳ ತೆಗೆದ ಡಬ್ಬಿಯೊಂದನ್ನು ಎರಡು ಬೆರಳಿನಷ್ಟು ನೆಲಕ್ಕೆ ಒತ್ತಿ ನಿಲ್ಲಿಸಿ, ಒಂದು ಲೋಟ ನೀರು ಹೊಯ್ದು, ಅದು ಇಂಗಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಿರಿ. ಇದನ್ನು ಬೋಳು ಮಚ್ಚೆಯ ಮೇಲೊಮ್ಮೆ, ದಟ್ಟವಾದ ಹುಲ್ಲಿನಲ್ಲೊಮ್ಮೆ, ಬೇಲಿಯ ಬುಡದ ತುಳಿಯದ ನೆಲದಲ್ಲೊಮ್ಮೆ, ಪ್ರತಿಯೊಂದು ಕಡೆಯಲ್ಲಿಯೂ ಎರಡೆರಡು ಲೋಟ ನೀರಿನಿಂದ ಮಾಡಬೇಕು. ಮೊದಲನೆಯ ಲೋಟವು ನೆಲದ ಒಣಗುತನವನ್ನು ಮಾತ್ರ ಹೇಳುತ್ತದೆ, ಎರಡನೆಯದು ಅದರ ಗಟ್ಟಿತನವನ್ನು ಹೇಳುತ್ತದೆ. ಮೂರು ಅಂಕಿಗಳನ್ನೂ ದಿನಾಂಕದೊಡನೆ ಬರೆದಿಟ್ಟುಕೊಂಡು, ನೆಲವನ್ನು ಅಗೆದು ಗೊಬ್ಬರ ಬೆರೆಸಿದ ಮೇಲೆ ಬರುವ ದೀಪಾವಳಿಯ ಹೊತ್ತಿಗೆ ಅದೇ ಸ್ಥಳಗಳಲ್ಲಿ ಮತ್ತೊಮ್ಮೆ ಅಳೆಯಿರಿ.